ಮೈದಾನ ತೊರೆದುದಕ್ಕೆ ನಾಲ್ಕು ಕೋಟಿ!

2023ರ ಮಾರ್ಚ್ 3ರ ರಾತ್ರಿ ಜಯನಗರ, ಬನಶಂಕರಿಗಳಿಂದ ಕಂಠೀರವ ಕ್ರೀಡಾಂಗಣಕ್ಕೆ ಹೋಗಿದ್ದ ಕಾಲ್ಚೆಂಡಾಟದ ಅಭಿಮಾನಿಗಳು ಅಪೂರ್ವವಾದ ದೃಶ್ಯವೊಂದನ್ನು ಕಂಡರು. ಇಂಡಿಯನ್ ಸೂಪರ್ ಲೀಗಿನ ನಾಕ್‌ಔಟ್ ಪಂದ್ಯ. ಹೆಚ್ಚುವರಿ ಅವಧಿಯ ಆಟ. ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಬೆಂಗಳೂರಿನ ಸುನಿಲ್ ಛೇತ್ರಿ ಫ್ರೀ ಕಿಕ್ಕನ್ನು ಗೋಲಿನೊಳಕ್ಕೆ ಕಳುಹಿಸಿದರು. ರೆಫರಿ ಮಾನ್ಯ ಮಾಡಿದರು. ಕೇರಳ ಬ್ಲಾಸ್ಟರ್ಸ್ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಹೊರಕ್ಕೆ ಕರೆದರು. ತಂಡ ಮರಳಲೇ ಇಲ್ಲ.

ಆ ತಿಂಗಳ ಕೊನೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ತೀರ್ಪಿತ್ತಿತು: ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ತರಬೇತುದಾರರಿಗೆ 5 ಲಕ್ಷ ದಂಡ, 10 ಪಂದ್ಯಗಳ ನಿಷೇಧ. ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ ದಂಡ 6 ಕೋಟಿ ಮತ್ತು 10 ಲಕ್ಷ! ಕ್ಲಬ್ಬಿನ ಕ್ಷಮೆಗೆ 2 ಕೋಟಿ ಬೆಲೆ ಕಟ್ಟಿದಂತಾಯಿತು.

ಮೈದಾನ ತೊರೆದುದು ತಪ್ಪೇ. ಗೆದ್ದ ಊರಿನವನೆಂಬ ಪಕ್ಷಪಾತದಿಂದ ಆಡುವ ಮಾತಲ್ಲ ಇದು. ಆದರೆ ಇಂಥ ತಪ್ಪಿಗೆ ಫೆಡರೇಷನ್ನಿನ ಶಿಸ್ತು ಸಂಹಿತೆ ಹೇಳುವ ಕನಿಷ್ಠ ದಂಡ 6 ಲಕ್ಷ. ಅಲ್ಲಿಂದ 4 ಕೋಟಿಗೆ ಏರುವ ಮೆಟ್ಟಿಲುಗಳಾವುವು? ಟಿಕೆಟ್ಟಿಲ್ಲದೆ ಬಸ್ಸೇರಿದವನಿಗೂ ದಂಡವೆಷ್ಟೆಂದು ಮೊದಲೇ ತಿಳಿದಿರುತ್ತದಷ್ಟೆ.

ಹಿಂದೊಮ್ಮೆ, 2012ರ ಡಿಸೆಂಬರಿನಲ್ಲಿ, ಈಸ್ಟ್ ಬೆಂಗಾಲ್ ವಿರುದ್ಧದ ಪಂದ್ಯವನ್ನು ಮೋಹನ್ ಬಾಗಾನ್ ಅರ್ಧಕ್ಕೇ ಬಿಟ್ಟಿತ್ತು. ಪ್ರೇಕ್ಷಕರ ಕಡೆಯಿಂದ ಬಂದ ಕಲ್ಲೇಟಿಗೆ ಅದರ ಆಟಗಾರನೊಬ್ಬ ಗಾಯಗೊಂಡಿದ್ದ. ಮೊದಲು ದೀರ್ಘ ನಿಷೇಧ ವಿಧಿಸಿ, ಮರುತಿಂಗಳೇ ಅದನ್ನು ತೆಗೆದು, 2 ಕೋಟಿ ದಂಡಕ್ಕೆ ಒಪ್ಪಿಸಲಾಯಿತು. ಅಳತೆಗೋಲು ಆಗಲೂ ಕಾಣಲಿಲ್ಲ.

2023ರ ಏಪ್ರಿಲಿನಲ್ಲಿ ಕೇರಳದ ಕ್ಲಬ್ಬೂ ತರಬೇತುದಾರರೂ ಕ್ಷಮೆ ಕೇಳಿದರು. ಫೆಡರೇಷನ್ನಿಗೆ ಸಲ್ಲಿಸಿದ ಮೇಲ್ಮನವಿ ತಿರಸ್ಕೃತವಾಯಿತು. 4 ಕೋಟಿಯಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ.