ಜೆಡೈ ಆಗಲು ಯಾರ ಸಹಿ ಬೇಕು?

1972ರ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದವರ ಕಥೆಗಳನ್ನು ನೀವೂ ಕೇಳಿರುತ್ತೀರಿ. ಅವರು ಯಾವ ಸಂಘದ ಸದಸ್ಯತ್ವವನ್ನೂ ಪಡೆಯಲಿಲ್ಲ. ಚಿತ್ರ ನೋಡಿದರು, ನೇಗಿಲು ಹಿಡಿದರು, ಅಷ್ಟೇ.

ಇಂಥದೇ ಒಂದು ಸಂಗತಿ ಇಂಗ್ಲೆಂಡಿನಲ್ಲಿ ಕಚೇರಿಯ ಕಡತ ಹತ್ತಿತು. ಜಾರ್ಜ್ ಲ್ಯೂಕಾಸ್ ಅವರ ‘ಸ್ಟಾರ್ ವಾರ್ಸ್’ ಚಿತ್ರಗಳು 1977ರಲ್ಲಿ ಶುರುವಾದವು. ಅದರಲ್ಲಿ ಬರುವ ಜೆಡೈಗಳು ಕೋಪವನ್ನು ಗೆಲ್ಲಲು ಕಲಿತ ಯೋಧರು. ಕೋಪದ ಬೇರು ಭಯದಲ್ಲಿದೆ, ಮೊದಲು ಅದನ್ನು ನೋಡಿಕೋ ಎಂಬುದು ಅವರ ಪಾಠ. 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 3,90,127 ಮಂದಿ ಧರ್ಮದ ಕಾಲಂನಲ್ಲಿ ‘ಜೆಡೈ’ ಎಂದು ಬರೆದರು! ಬಹುಪಾಲು ತಮಾಷೆಯೇ ಇರಬೇಕು. 2011ರಲ್ಲಿ ಆ ಸಂಖ್ಯೆ 1,76,632 ಆಯಿತು. 2021ರಲ್ಲಿ ಎರಡು ಸಾವಿರಕ್ಕೂ ಕೆಳಗಿಳಿಯಿತು.

ತಮಾಷೆ ಮಾಡದವರೂ ಇದ್ದರು. ‘ಟೆಂಪಲ್ ಆಫ್ ದಿ ಜೆಡೈ ಆರ್ಡರ್’ ಎಂಬ ಗುಂಪು ಧರ್ಮಾರ್ಥ ಸಂಸ್ಥೆಯಾಗಿ ನೋಂದಣಿ ಕೇಳಿತು. ಅಲ್ಲಿನ ಚಾರಿಟಿ ಕಮಿಷನ್ 2016ರ ಡಿಸೆಂಬರಿನಲ್ಲಿ ಒಲ್ಲೆ ಎಂದಿತು. ಇದನ್ನು ಧರ್ಮವಲ್ಲದ ಜೀವನದೃಷ್ಟಿಯಾಗಿಯೂ ಅನುಸರಿಸಬಹುದು, ಕಾನೂನಿನ ಅರ್ಥದಲ್ಲಿ ಇದು ಧರ್ಮವಲ್ಲ ಎಂಬುದು ಕಾರಣಗಳಲ್ಲೊಂದು. ಕೆಲವರಿಗೆ ಇದು ಅವಮಾನವೆನಿಸಿತು. ನನಗೇನೋ ಇದರಲ್ಲಿ ಬಿಡುಗಡೆಯೇ ಕಾಣುತ್ತದೆ. ಕಮಿಷನ್ ನಿರಾಕರಿಸಿದ್ದು ಒಂದು ಸಂಸ್ಥೆಯ ನೋಂದಣಿಯನ್ನು. ಬೆಳಿಗ್ಗೆ ಹತ್ತು ನಿಮಿಷ ಕಣ್ಣುಮುಚ್ಚಿ ಕೂರುವುದಕ್ಕೆ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನಾಲಿಗೆ ಬಿಗಿಹಿಡಿಯುವುದಕ್ಕೆ ಯಾರ ಅರ್ಜಿಯೂ ಬೇಕಿರಲಿಲ್ಲ.

ಕಥೆಯೂ ಇದನ್ನೇ ಹೇಳುತ್ತದೆ, ಗಮನಿಸಿ. 1983ರ ‘ರಿಟರ್ನ್ ಆಫ್ ದಿ ಜೆಡೈ’ ಚಿತ್ರದ ಹೊತ್ತಿಗೆ ಜೆಡೈಗಳ ಮಂಡಳಿ ಅಳಿದುಹೋಗಿದೆ, ಗುರು ಯೋಡಾ ಕೂಡ ಈ ಚಿತ್ರದಲ್ಲೇ ತೀರಿಕೊಳ್ಳುತ್ತಾನೆ. ನೆಲಕ್ಕೆ ಬಿದ್ದ ತಂದೆಯ ಮೇಲೆ ಕತ್ತಿ ಎತ್ತಿದ್ದ ಲ್ಯೂಕ್, ತನ್ನ ಕೋಪ ತನಗೇ ಕಂಡು ಕತ್ತಿ ಎಸೆಯುತ್ತಾನೆ. ಆ ಕ್ಷಣದಲ್ಲಿ ತಾನು ಜೆಡೈ ಎಂದು ಹೇಳುತ್ತಾನೆ. ಹಾಗೆ ಹೇಳಲು ಅವನು ಯಾರನ್ನೂ ಕೇಳುವುದಿಲ್ಲ.

ಹಾಗೆಂದು ಗುಂಪು ಬೇಡವೇ ಬೇಡ ಎನ್ನುವಂತಿಲ್ಲ. ಒಬ್ಬರೇ ನಡೆಯುವಾಗ ನಮ್ಮ ತಪ್ಪು ನಮಗೆ ಕಾಣುವುದಿಲ್ಲ. ಮುನಿಸನ್ನೇ ಮೌನವ್ರತ ಎಂದುಕೊಳ್ಳುವುದು ಬಲು ಸುಲಭ. ಅದನ್ನು ಎತ್ತಿ ತೋರಿಸಲು ಯಾರಾದರೂ ಬೇಕು. ಆದರೆ ಅವರು ‘ಸ್ಟಾರ್ ವಾರ್ಸ್’ ನೋಡಿರಲೇಬೇಕು ಎಂದೇನಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೇ ಕೇಳಿ: ಈಚೆಗೆ ನನ್ನ ಸಿಟ್ಟು ಕಡಿಮೆಯಾಗಿದೆಯಾ?