ತಾರೀಖು ಹೇಳುವ ಮಗು: ಕರಾಮತ್ತೂ ಅಲ್ಲ, ಜಿನ್ನ್ ಕಾಟವೂ ಅಲ್ಲ

"ಹಕೀಮ್ ಸಾಬ್, ಯಾವ ತಾರೀಖರ ಕೇಳ್ರಿ, ಇವ ವಾರ ಹೇಳ್ತಾನ."

ಮಸ್ಕಿಯ ನನ್ನ ದವಾಖಾನೆಗೆ ಹನ್ನೊಂದು ವರ್ಷದ ಮಗನನ್ನು ಕರೆತಂದ ತಂದೆಯ ಮೊದಲ ಮಾತು ಇದು. ತಮ್ಮ ನಿಕಾಹ್ ನಡೆದ ದಿನವನ್ನು ಅವರೇ ಕೇಳಿದರು: 2009ರ ಮೇ 17. ಹುಡುಗ ಗೋಡೆ ನೋಡುತ್ತಲೇ "ಐತಾರ" ಎಂದ. ಮೊಬೈಲಿನಲ್ಲಿ ನೋಡಿದರೆ ಉತ್ತರ ಸರಿಯಾಗಿತ್ತು.

"ಹ್ಯಾಂಗ ಗೊತ್ತಾತು ಬೇಟಾ?" ಎಂದೆ. "ಐತಾರ ಬಿಳೇದು" ಎಂದ. ಶುಕ್ರವಾರ? "ಹಸರು."

ಇದನ್ನು ಕೇಳಿ ಅವನ ದಾದಿ ಕಣ್ಣೊರೆಸಿಕೊಂಡರು. ಜುಮಾ ದಿನ ಹಸಿರಾಗಿ ಕಾಣುವ ಮಗು ವಲಿಯೇ ಇರಬೇಕೆಂದು ಅವರ ನಂಬಿಕೆ. ಓಣಿಯ ಕೆಲವರದು ಬೇರೆ ಮಾತು: ಮೈಮೇಲೆ ಏನೋ ಬಂದಿದೆ, ತಾಯತ ಕಟ್ಟಿಸಿ. ಈ ಎರಡು ಮಾತುಗಳ ನಡುವೆ ಮುಖ್ಯ ಸಂಗತಿಗಳು ಮರೆಯಾಗಿದ್ದವು. ಹುಡುಗ ಹಲ್ಲುಜ್ಜಲು ಬಿಡುತ್ತಿರಲಿಲ್ಲ, ಮೂರು ದವಡೆ ಹಲ್ಲು ಹುಳುಕಾಗಿದ್ದವು. ಶಾಲೆ ಬಿಟ್ಟಿದ್ದ. ಹಸಿವಾದರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಮಾತ್ರ ಅವನಿಂದ ತಾರೀಖು ಹೇಳಿಸಿ ಕೈಗೆ ನೋಟು ಕೊಡುತ್ತಿದ್ದರು.

ಓದುಗರೇ, ನಿಮ್ಮ ಬಂಧುಗಳಲ್ಲಿಯೂ ಇಂತಹ ಮಗು ಇರಬಹುದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳೋಣ.

ಸಾವಂಟ್ ಎಂದರೇನು?

ಒಟ್ಟು ಬೆಳವಣಿಗೆಯಲ್ಲಿ ತೊಂದರೆಯಿದ್ದರೂ ಯಾವುದೋ ಒಂದು ವಿಷಯದಲ್ಲಿ ಅಸಾಧಾರಣ ಸಾಮರ್ಥ್ಯ ಇರುವವರನ್ನು ಸಾವಂಟ್ ಎನ್ನುತ್ತಾರೆ. 1887ರಲ್ಲಿ ಲಂಡನ್ನಿನ ವೈದ್ಯ ಲ್ಯಾಂಗ್ಡನ್ ಡೌನ್ ಇಂತಹ ಮಕ್ಕಳ ಬಗ್ಗೆ ವಿವರಿಸಿದರು. ತಾರೀಖು, ಲೆಕ್ಕ, ಸಂಗೀತ, ಚಿತ್ರ, ನೆನಪು ಇವುಗಳಲ್ಲಿ ಈ ಶಕ್ತಿ ಹೆಚ್ಚಾಗಿ ಕಾಣುತ್ತದೆ. ಆಟಿಸಂ ಇರುವ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆಂದು ಅಮೆರಿಕದ ಡಾ. ಡ್ಯಾರಲ್ಡ್ ಟ್ರೆಫರ್ಟ್ ಹೇಳಿದ್ದರು. ಅಂದರೆ ಆಟಿಸಂ ಇರುವ ಎಲ್ಲ ಮಕ್ಕಳಲ್ಲೂ ಇಂತಹ ಶಕ್ತಿ ಇರುವುದಿಲ್ಲ. ಅದು ಇಲ್ಲವೆಂದು ಯಾವ ಮಗುವನ್ನೂ ಹಳಿಯಬಾರದು.

ತಾರೀಖು ಹೇಳುವುದರಲ್ಲಿ ಗುಟ್ಟೇನಿಲ್ಲ. 365 ದಿನ ಎಂದರೆ 52 ವಾರ ಮತ್ತು ಒಂದು ದಿನ. ಆದ್ದರಿಂದ ಅದೇ ತಾರೀಖಿನ ವಾರ ಮರುವರ್ಷ ಒಂದು ದಿನ ಮುಂದೆ ಹೋಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು ದಿನ. ನಮ್ಮ ಕಾಲದ ಕ್ಯಾಲೆಂಡರ್ 28 ವರ್ಷಕ್ಕೊಮ್ಮೆ ಹಾಗೆಯೇ ಮರಳುತ್ತದೆ. ಗಂಟೆಗಟ್ಟಲೆ ಕ್ಯಾಲೆಂಡರ್ ನೋಡುವ ಮಗುವಿನ ಮೆದುಳು ಈ ನಿಯಮವನ್ನು ತಾನೇ ಹಿಡಿಯುತ್ತದೆ.

ಬಣ್ಣ ಎಲ್ಲಿಂದ ಬಂತು?

ಕೆಲವರಿಗೆ ಅಂಕಿ, ಅಕ್ಷರ, ವಾರಗಳಿಗೆ ಬಾಲ್ಯದಿಂದಲೇ ಬಣ್ಣ ಅಂಟಿಕೊಂಡಿರುತ್ತದೆ. ಕೆಲವರಿಗೆ ಸದ್ದು ಕೇಳಿದರೆ ರುಚಿ ತಿಳಿಯುತ್ತದೆ. ಇದಕ್ಕೆ ಸಿನಸ್ತೀಶಿಯಾ, ಅಂದರೆ ಇಂದ್ರಿಯಗಳ ಬೆರಕೆ ಎನ್ನುತ್ತಾರೆ. ಇದು ರೋಗವಲ್ಲ, ಪೂರ್ಣ ಆರೋಗ್ಯವಂತರಲ್ಲೂ ಇದೆ. ಈ ಹುಡುಗನಿಗೆ ಬುಧವಾರ ಕಂದು, ಸೋಮವಾರ ಹಳದಿ. ಜುಮಾ ಹಸಿರಾದದ್ದೂ ಹೀಗೆಯೇ.

ಕೇಂಬ್ರಿಡ್ಜ್‌ನ ಸೈಮನ್ ಬ್ಯಾರನ್-ಕೋಹೆನ್ ತಂಡ 2013ರಲ್ಲಿ ಪರೀಕ್ಷಿಸಿದಾಗ ಆಟಿಸಂ ಇರುವ ವಯಸ್ಕರಲ್ಲಿ 18.9 ಶೇಕಡಾ ಜನರಿಗೆ ಸಿನಸ್ತೀಶಿಯಾ ಇತ್ತು, ಉಳಿದವರಲ್ಲಿ 7.2 ಶೇಕಡಾ. 2017ರ ಅಧ್ಯಯನವೊಂದು ಇನ್ನೂ ಸ್ಪಷ್ಟಪಡಿಸಿತು: ಈ ಹೆಚ್ಚಳ ಸಾವಂಟ್ ಶಕ್ತಿಯಿರುವ ಆಟಿಸಂನವರಲ್ಲೇ ಕಂಡುಬಂತು. 2004ರ ಮಾರ್ಚ್ 14ರಂದು ಆಕ್ಸ್‌ಫರ್ಡ್‌ನಲ್ಲಿ ಪೈ ಸಂಖ್ಯೆಯ 22,514 ಅಂಕಿಗಳನ್ನು ಹೇಳಿದ ಡೇನಿಯಲ್ ಟ್ಯಾಮೆಟ್‌ಗೆ ಆಟಿಸಂ ಇದೆ, ಅಂಕಿಗಳು ಅವರಿಗೆ ಬಣ್ಣ ಮತ್ತು ಆಕಾರಗಳಾಗಿ ಕಾಣುತ್ತವೆ. ಬಣ್ಣವು ನೆನಪಿಗೆ ಕೊಕ್ಕೆಯಾಗುತ್ತದೆ, ಒಂದೇ ವಿಷಯವನ್ನು ಬಿಡದೆ ಮೆಲುಕು ಹಾಕುವ ಸ್ವಭಾವ ಅದನ್ನು ಗಟ್ಟಿ ಮಾಡುತ್ತದೆ ಎಂಬುದು ಕೆಲವು ಸಂಶೋಧಕರ ವಿವರಣೆ.

ಪಂಚೇಂದ್ರಿಯಗಳ ಅನುಭವಗಳು ಮೆದುಳಿನ ಮುಂಭಾಗದಲ್ಲಿ ಒಂದೆಡೆ ಸೇರುತ್ತವೆಂದು ಇಬ್ನ್ ಸೀನಾ (980-1037) ಬರೆದಿದ್ದರು. ಯುನಾನಿಯಲ್ಲಿ ಅದಕ್ಕೆ ಹಿಸ್ಸೆ ಮುಶ್ತರಕ್ ಎನ್ನುತ್ತೇವೆ. ಅವರು ಹೇಳಿದ್ದು ಸಿನಸ್ತೀಶಿಯಾ ಅಲ್ಲ. ಆದರೆ ಇಂತಹ ಅನುಭವಕ್ಕೆ ಕಾರಣವನ್ನು ಮೆದುಳಿನಲ್ಲೇ ಹುಡುಕಬೇಕೆಂಬ ದಾರಿ ನಮ್ಮ ಹಕೀಮರಿಗೆ ಸಾವಿರ ವರ್ಷಗಳಿಂದ ಗೊತ್ತಿತ್ತು.

ಮಗುವನ್ನು ಪ್ರದರ್ಶನಕ್ಕಿಡಬೇಡಿ

ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಮಂಗಳೂರಿನಲ್ಲಿ 1981ರಲ್ಲಿ ರಾಜನ್ ಮಹಾದೇವನ್ ಪೈಯ 31,811 ಅಂಕಿಗಳನ್ನು ಬಾಯಿಪಾಠ ಹೇಳಿದರು. ಇವರಿಬ್ಬರೂ ಸಾವಂಟ್ ಎಂದು ನಾನು ಹೇಳುತ್ತಿಲ್ಲ, ಇಬ್ಬರೂ ತಮ್ಮ ಬದುಕನ್ನು ತಾವೇ ನಡೆಸಿದವರು. ಆದರೆ ಶಕುಂತಲಾ ದೇವಿಯವರ ಬಾಲ್ಯದಲ್ಲಿ ನಮಗೊಂದು ಪಾಠವಿದೆ. ಸರ್ಕಸ್ಸಿನಲ್ಲಿದ್ದ ತಂದೆ ಆ ಕೆಲಸ ಬಿಟ್ಟು ಮಗಳ ಪ್ರದರ್ಶನಗಳಿಗೆ ಊರೂರು ತಿರುಗಿದರು. ಅವರಿಗೆ ಶಾಲೆಯ ಓದು ದಕ್ಕಲಿಲ್ಲ. ಮಗು ನಮ್ಮ ಕೈಯಲ್ಲಿರುವ ಅಮಾನತ್, ದುಡಿಮೆಯ ಸಾಧನವಲ್ಲ.

ಏನು ಮಾಡಬೇಕು?

"ಖಮೀರಾ ಕೊಡ್ರಿ ಸಾಬ್, ದಿಮಾಗ್ ಸರಿ ಆಗಲಿ" ಎಂದು ತಂದೆ ಕೇಳಿದರು. ಆಟಿಸಂ ವಾಸಿ ಮಾಡುವ ಖಮೀರಾ, ಮಾಜೂನ್ ಯಾವುದೂ ಇಲ್ಲ. ನಾನು ಕೊಡಲಿಲ್ಲ. ದುಆ ಮಾಡಿ, ಜೊತೆಗೆ ಪರೀಕ್ಷೆಯನ್ನೂ ಮಾಡಿಸಿ. ಮೊದಲು ಕಿವಿಯ ಪರೀಕ್ಷೆ ಆಗಲಿ. ನಂತರ ಜಿಲ್ಲಾ ಮಟ್ಟದ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೋರಿಸಿ. ಅಗತ್ಯ ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಸಿಕ್ಕರೆ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ಬಣ್ಣ, ಬೆಳಕು ಕಾಣುವುದು ಇದ್ದಕ್ಕಿದ್ದಂತೆ ಶುರುವಾದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದರೆ, ಫಿಟ್ಸ್ ಅಥವಾ ತಲೆನೋವಿನ ಜೊತೆ ಬಂದರೆ ತಡಮಾಡದೆ ನರರೋಗ ತಜ್ಞರ ಬಳಿ ಹೋಗಿ.

ಮನೆಯಲ್ಲಿ ಶುಚಿತ್ವ ಕಲಿಸುವಾಗ ಇದು ನೆನಪಿರಲಿ. ಇಂತಹ ಮಕ್ಕಳಿಗೆ ಖಾರದ ಪೇಸ್ಟ್, ತಣ್ಣೀರು, ಒರಟು ಟವೆಲ್ ನಿಜವಾಗಿಯೂ ಹಿಂಸೆಯಾಗಬಹುದು. ಅದು ಹಠವಲ್ಲ, ಹೊಡೆಯಬೇಡಿ. ಸಪ್ಪೆ ಪೇಸ್ಟ್, ಮೆತ್ತನೆಯ ಬ್ರಷ್, ಉಗುರುಬೆಚ್ಚಗಿನ ನೀರು ಬಳಸಿ. ದಿನವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಮಾಡಿಸಿ.

ಈ ಹುಡುಗನಿಗೆ ದಾರಿಯಾದದ್ದು ಅವನ ಲೆಕ್ಕವೇ. ಪ್ರತಿ ಬದಿಯ ಹಲ್ಲಿಗೆ ಇಪ್ಪತ್ತು ಎಣಿಕೆ ಎಂದು ತಾಯಿ ಹೇಳಿಕೊಟ್ಟರು. ವುಝೂವಿನಲ್ಲಿ ಕೈ ಮೂರು ಸಲ, ಬಾಯಿ ಮೂರು ಸಲ, ಮುಖ ಮೂರು ಸಲ ಎಂಬ ಕ್ರಮ ಅವನಿಗೆ ಬಹಳ ಹಿಡಿಸಿತು. ನಾಲ್ಕು ತಿಂಗಳಲ್ಲಿ ತಾನೇ ಹಲ್ಲುಜ್ಜಿ, ತಾನೇ ವುಝೂ ಮಾಡತೊಡಗಿದ. ಹುಳುಕು ಹಲ್ಲುಗಳಿಗೆ ಚಿಕಿತ್ಸೆಯಾಯಿತು. ಈಗ ಹಸಿವಾದರೆ "ರೊಟ್ಟಿ" ಎನ್ನುತ್ತಾನೆ.

ಕಳೆದ ಸಲ ಬಂದಾಗ ದಾದಿ ಅವನಿಂದ ತಾರೀಖು ಹೇಳಿಸಲಿಲ್ಲ. "ಇವತ್ತು ನಮ್ಮ ಹುಡುಗ ತಾನೇ ರೊಟ್ಟಿ ಕೇಳಿ ತಿಂದಾನ್ರೀ" ಎಂದರು. ಅಲ್‌ಹಮ್ದುಲಿಲ್ಲಾಹ್.