ಗಾಳದ ತುದಿಗೆ ಕಪ್ಪೆಯೇ ಬೇಕೆ?

ಸಹೋದರಿಯರೇ, ಮೊಸರಿನ ಡಬ್ಬಿಯೊಂದು ತಾನಾಗಿಯೇ ಕುಪ್ಪಳಿಸಿದ್ದನ್ನು ನೀವು ಎಂದಾದರೂ ನೋಡಿದ್ದೀರಾ? ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ಮಾಕಳಿಯ ನಮ್ಮ ಮನೆಯ ಬಚ್ಚಲಿನಲ್ಲಿ ನಾನು ನೋಡಿದೆ. ಮಗ್ರಿಬ್‌ಗೆ ವುಝೂ ಮಾಡಲು ಹೋದವಳು ಬೆಚ್ಚಿಬಿದ್ದೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿತ್ತು. ಒಳಗೆ ಎರಡು ಜೀವಂತ ಕಪ್ಪೆಗಳು!

ಒಂಬತ್ತನೇ ತರಗತಿಯ ನನ್ನ ಮಗ ಓಡಿ ಬಂದ. "ಅಮ್ಮಿ, ಮುಚ್ಚಳ ತೆಗೀಬೇಡಿ. ನಾಳೆ ಮಾಮು ಜೊತೆ ಕೆರೆಗೆ ಹೋಗ್ತೀನಿ. ಆಪಾಗೆ ಕೊರವ ಮೀನು ತರ್ತೀನಿ" ಎಂದ.

ಅವನ ಆಪಾ, ನನ್ನ ಹಿರಿಯ ಮಗಳು, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಗು ಹುಟ್ಟಿ ಹದಿನೈದು ದಿನಗಳಾಗಿದ್ದವು. ಬಾಣಂತಿಗೂ ಆಪರೇಷನ್ ಆದವರಿಗೂ ಕೊರವ ಮೀನಿನ ಸಾರು ಒಳ್ಳೆಯದೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಆ ಮಾತು ಹುಡುಗನ ಕಿವಿಗೆ ಬಿದ್ದಿತ್ತು. ಅಕ್ಕನ ಮೇಲಿನ ಪ್ರೀತಿಯಿಂದಲೇ ಅವನು ಕಪ್ಪೆ ಹಿಡಿದು ತಂದಿದ್ದ. ಆದರೆ ಅದನ್ನು ಏನು ಮಾಡುತ್ತೀಯೆಂದು ಕೇಳಿದಾಗ ಅವನು ಹೇಳಿದ್ದು ಕೇಳಿ ನನ್ನ ಮೈ ಜುಮ್ಮೆಂದಿತು. ಕಪ್ಪೆಯ ಬೆನ್ನಿಗೆ ಗಾಳವನ್ನು ಚುಚ್ಚಬೇಕಂತೆ. ಅದು ಸಾಯಬಾರದು, ಈಜುತ್ತಲೇ ಇರಬೇಕು. ಆಗಲೇ ಕೊರವ ಬಂದು ಕಚ್ಚುವುದಂತೆ.

ಮದ್ರಸದಲ್ಲಿ ನಾನು ಮಕ್ಕಳಿಗೆ ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಂಗಸಿನ ಕಥೆ ಹೇಳುವವಳು. ಜೀವವಿರುವುದನ್ನು ಗುರಿಯಾಗಿಸಿ ಆಡಬಾರದೆಂಬ ಪ್ರವಾದಿ(ಸ)ರ ಉಪದೇಶವನ್ನು ಬಾಯಿಪಾಠ ಮಾಡಿಸುವವಳು. ಮೀನು ನಮಗೆ ಹಲಾಲ್, ಅದರಲ್ಲಿ ಸಂಶಯವಿಲ್ಲ. ಆದರೆ ಒಂದು ಹೊತ್ತಿನ ಸಾರಿಗಾಗಿ ಇನ್ನೊಂದು ಜೀವವನ್ನು ಗಂಟೆಗಟ್ಟಲೆ ಮುಳ್ಳಿನ ಮೇಲೆ ಒದ್ದಾಡಿಸುವುದೇ? ನಾನು ಫತ್ವಾ ಕೊಡುವವಳಲ್ಲ. ಆದರೂ ತಾಯಿಯಾಗಿ ನನಗೆ ಒಪ್ಪಿಗೆಯಾಗಲಿಲ್ಲ. ಹುಡುಗನಿಗೆ ಬೇರೆ ದಾರಿ ತೋರಿಸದೆ ಬರೀ "ಬೇಡ" ಎಂದರೆ ಅವನು ಕೇಳುವುದೂ ಇಲ್ಲವೆಂದು ಗೊತ್ತಿತ್ತು.

ದಾರಿ ತೋರಿಸಿದವರು ನನ್ನ ಅಣ್ಣ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುವ ಅವರಿಗೆ ಚಿಕ್ಕಂದಿನಿಂದಲೂ ಗಾಳದ ಹುಚ್ಚು. ಇಶಾ ಮುಗಿಸಿ ಬಂದವರು ಕಪ್ಪೆಗಳನ್ನು ಚರಂಡಿ ಪಕ್ಕದ ಹುಲ್ಲಿಗೆ ಬಿಡಿಸಿದರು. ಆಮೇಲೆ ಚೀಲದಿಂದ ಒಂದು ತಗಡಿನ ಪೆಟ್ಟಿಗೆ ತೆಗೆದು ಚಾಪೆಯ ಮೇಲೆ ಬಿಚ್ಚಿಟ್ಟರು. ಒಳಗೆ ರಬ್ಬರ್ ಕಪ್ಪೆ, ಬೆರಳುದ್ದದ ಬೆಳ್ಳಿಬಣ್ಣದ ಪ್ಲಾಸ್ಟಿಕ್ ಮೀನುಗಳು, ಗಿರಗಿರನೆ ತಿರುಗುವ ತಗಡಿನ ಎಲೆಗಳು ಇದ್ದವು. ಹಿಡಿ ಕತ್ತರಿಸಿದ ಒಂದು ಚಮಚವೂ ಇತ್ತು. ಆ ಚಮಚವನ್ನು ನಾನು ಗುರುತು ಹಿಡಿದೆ. ಎರಡು ವರ್ಷ ಹಿಂದೆ ನಮ್ಮ ಅಡುಗೆಮನೆಯಿಂದ ಕಾಣೆಯಾಗಿದ್ದುದು ಅದೇ!

ಚಮಚವೂ ಮೀನಾದ ಕಥೆ

ಅಣ್ಣನಿಗಿಂತ ಮೊದಲೇ ಚಮಚಕ್ಕೆ ಕೈಹಾಕಿದವರಿದ್ದಾರೆ. ಅಮೆರಿಕದ ಜೂಲಿಯೊ ಬ್ಯುಯೆಲ್ ಎಂಬವರ ಕೈಯಿಂದ ಜಾರಿ ಸರೋವರಕ್ಕೆ ಬಿದ್ದ ಚಮಚ ಹೊಳೆಯುತ್ತಾ ಮುಳುಗುವಾಗ ಮೀನೊಂದು ಬಂದು ಅದನ್ನು ಕಚ್ಚಿತೆಂದು ಹೇಳುತ್ತಾರೆ. ಕಥೆ ಹೇಗೇ ಇರಲಿ, ಅವರು 1852ರಲ್ಲಿ ತಮ್ಮ ಲೋಹದ ಹುಸಿಮೀನಿಗೆ ಪೇಟೆಂಟ್ ಪಡೆದದ್ದು ನಿಜ.

ನನಗೆ ಇನ್ನೂ ಹಿಡಿಸಿದ್ದು ಫಿನ್ಲೆಂಡಿನ ಲೌರಿ ರಪಾಲಾ ಎಂಬ ಬಡ ಬೆಸ್ತನ ಕಥೆ. ಅವನು ದೋಣಿಯಲ್ಲಿ ಕುಳಿತು ನೀರನ್ನು ನೋಡುತ್ತಲೇ ಇರುತ್ತಿದ್ದ. ದೊಡ್ಡ ಮೀನು ಚಿಕ್ಕ ಮೀನುಗಳ ಹಿಂಡಿಗೆ ನುಗ್ಗಿದಾಗ ಎಲ್ಲವನ್ನೂ ಅಟ್ಟುವುದಿಲ್ಲ. ಗಾಯಗೊಂಡು ತುಸು ವಾಲಿ ಈಜುವ ಒಂದನ್ನೇ ಆರಿಸಿಕೊಳ್ಳುತ್ತದೆ. ಇದನ್ನು ಗಮನಿಸಿದ ಅವನು 1936ರಲ್ಲಿ ಚಪ್ಪಲಿ ಹೊಲಿಯುವವರ ಚಾಕುವಿನಿಂದ ಬೆಂಡಿನ ತುಂಡನ್ನು ಕೆತ್ತಿ, ಚಾಕಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಬಳಿದು, ಹಾಗೆಯೇ ವಾಲಿ ಈಜುವ ಮೀನನ್ನು ಮಾಡಿದ. ಮುಂದೆ ಅವನ ಮಕ್ಕಳೂ ಆ ಕೆಲಸಕ್ಕೆ ಕೈಜೋಡಿಸಿದರು. ಇಂದು ಲೋಕದಾದ್ಯಂತ ಗಾಳದ ಅಂಗಡಿಗಳಲ್ಲಿ ಅವನ ಹೆಸರಿದೆ.

ನಮ್ಮ ನಾಡೂ ಇದರಲ್ಲಿ ಹಿಂದೆ ಬಿದ್ದಿಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್, ಭಾರತದಲ್ಲಿ ಗಾಳ ಹಾಕುವ ಬಗೆಯನ್ನು ಕುರಿತು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ಇನ್ನು ಕಾವೇರಿ ತೀರದವರು ದೊಡ್ಡ ಬಿಳಿಮೀನಿಗೆ ಗಾಳದ ತುದಿಯಲ್ಲಿ ಇಡುತ್ತಿದ್ದುದು ಏನು ಗೊತ್ತೇ? ರಾಗಿ ಹಿಟ್ಟಿನ ಉಂಡೆ!

ಮೀನಿನ ಕಣ್ಣಿನಿಂದ ನೋಡಿ

ಆ ರಾತ್ರಿ ಅಣ್ಣ ಮಗನಿಗೆ ಪಾಠ ಮಾಡಿದರು. ಪಕ್ಕದಲ್ಲಿ ಬಟ್ಟೆ ಮಡಚುತ್ತಾ ನಾನೂ ಕಲಿತೆ. ಮನೆಯಲ್ಲಿ ಗಾಳದ ಹುಚ್ಚಿನ ಹುಡುಗರಿದ್ದರೆ ನಿಮಗೂ ಇದು ಉಪಯೋಗಕ್ಕೆ ಬಂದೀತು.

ಮೊದಲನೆಯದು ಗಾತ್ರ. ದೊಡ್ಡ ಮೀನಿಗೆ ದೊಡ್ಡ ಆಮಿಷ ಬೇಕೆಂದು ನಾವು ಎಣಿಸುತ್ತೇವೆ. ಇದು ತಪ್ಪು. ಅಮೆರಿಕದ ತಣ್ಣೀರಿನ ನದಿ, ಸರೋವರಗಳಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಕಂಚಿನ ಬಣ್ಣದ ಮೀನಿದೆ. ಅದು ಒಂದೆರಡು ಅಂಗುಲದ ಮರಿಮೀನುಗಳ ಹಿಂಡನ್ನು ಮೇಯುತ್ತಿರುವಾಗ ಎದುರಿಗೆ ಗೇಣುದ್ದದ ಹುಸಿಮೀನು ಬಂದರೆ ಎಷ್ಟೋ ಸಲ ತಿರುಗಿಯೂ ನೋಡುವುದಿಲ್ಲ. ಮೇಯುತ್ತಿರುವ ಮೀನಿನಷ್ಟೇ ಗಾತ್ರದ್ದಿದ್ದರೆ ಕಚ್ಚುತ್ತದೆ. ನಮ್ಮ ಕೊರವಕ್ಕೂ ಇದೇ ಮಾತು ಸಲ್ಲುತ್ತದೆ. ಹಾಗಾಗಿ ಕೆರೆಗೆ ಹೋದೊಡನೆ ಗಾಳ ಎಸೆಯಬಾರದು. ದಡದ ನೀರಿನಲ್ಲಿ ಓಡಾಡುವ ಮರಿಗಳು ಎಷ್ಟುದ್ದ ಇವೆಯೆಂದು ಹತ್ತು ನಿಮಿಷ ನೋಡಬೇಕು. ಅನುಮಾನವಿದ್ದರೆ ಚಿಕ್ಕದನ್ನೇ ಆರಿಸಬೇಕು. ಚಿಕ್ಕದು ಹಗುರ, ದಪ್ಪ ದಾರದಲ್ಲಿ ದೂರ ಹೋಗದು. ಅದಕ್ಕೆ ತೆಳುವಾದ ದಾರ ಬೇಕು.

ಎರಡನೆಯದು ಆಕಾರ. ಕೆರೆಯ ಮರಿಗಳು ನೀಳವಾಗಿದ್ದರೆ ನೀಳವಾದದ್ದು, ಜಿಲೇಬಿ ಮೀನಿನ ಮರಿಯಂತೆ ಅಗಲವಾಗಿದ್ದರೆ ಅಗಲವಾದದ್ದು.

ಮೂರನೆಯದು ಬಣ್ಣ. ತಿಳಿನೀರಿನಲ್ಲಿ ಬೆಳ್ಳಿ, ಬಿಳಿ, ತಿಳಿಹಸಿರು ಹೀಗೆ ಸಹಜ ಬಣ್ಣ ಸಾಕು. ಮಳೆಯಿಂದ ಕದಡಿದ ಕೆಂಪು ನೀರಿನಲ್ಲಿ ಅದು ಕಾಣಿಸದು. ಆಗ ಕಣ್ಣಿಗೆ ಹೊಡೆಯುವ ಹಳದಿಯೋ ಗಾಢ ಕಪ್ಪೋ ಬೇಕು. ಜೊತೆಗೆ ನೀರನ್ನು ನಡುಗಿಸುವ ತಿರುಗೆಲೆ ಇದ್ದರೆ ಇನ್ನೂ ಒಳ್ಳೆಯದು. ಮೀನಿನ ಮೈಯ ಎರಡೂ ಬದಿಗೆ ಒಂದು ಗೆರೆಯಿದೆ. ನೀರಿನ ಸಣ್ಣ ಅಲುಗಾಟವನ್ನೂ ಅದು ಆ ಗೆರೆಯಿಂದ ಗ್ರಹಿಸುತ್ತದೆ. ಕತ್ತಲ ನೀರಿನಲ್ಲೂ ಬೇಟೆಯ ದಿಕ್ಕು ತಿಳಿಯುವಂತೆ ಅದನ್ನು ಸೃಷ್ಟಿಸಿದವನ ಜಾಣ್ಮೆಗೆ ಸುಬ್‌ಹಾನಲ್ಲಾಹ್ ಎನ್ನದಿರಲು ಸಾಧ್ಯವೇ?

ನಾಲ್ಕನೆಯದು ಜಾಗ. ಕೊರವ ನೀರೊಳಗಿನ ಉಸಿರಿನಿಂದಷ್ಟೇ ಬದುಕದು. ಆಗಾಗ ಮೇಲೆ ಬಂದು ಗಾಳಿ ಕುಡಿಯಬೇಕು. ಅಂಗಡಿಯ ತೊಟ್ಟಿಯ ಅಂಗೈಯಷ್ಟು ನೀರಿನಲ್ಲೂ ಅದು ಜೀವಂತವಾಗಿರುವುದು ಇದರಿಂದಲೇ. ಗುಳುಕ್ ಎಂದು ಅದು ಮೇಲೆ ಬಂದ ಕಡೆ ಗುರುತಿಟ್ಟುಕೊಳ್ಳಬೇಕು. ಜೊಂಡು, ತಾವರೆ ಎಲೆಗಳ ನಡುವಾದರೆ ಮುಳ್ಳು ಮೈಗಂಟಿಕೊಂಡಿರುವ ರಬ್ಬರ್ ಕಪ್ಪೆ ಎಲ್ಲಿಯೂ ಸಿಕ್ಕಿಹಾಕಿಕೊಳ್ಳದು. ಬಯಲು ನೀರಿನಲ್ಲಾದರೆ ಚಮಚ, ತಿರುಗೆಲೆ, ಪ್ಲಾಸ್ಟಿಕ್ ಮೀನು ಆಗುತ್ತದೆ.

ಐದನೆಯದು ನಡಿಗೆ. ಒಂದೇ ಸಮನೆ ಎಳೆಯಬಾರದು. ಎಳೆದು, ನಿಲ್ಲಿಸಿ, ತುಸು ಅದುರಿಸಿ, ಮತ್ತೆ ಎಳೆಯಬೇಕು. ಆಗ ಅದು ಗಾಯಗೊಂಡ ಮರಿಯಂತೆ ಕಾಣುತ್ತದೆ. "ಜೀವ ಇಲ್ಲದ್ದಕ್ಕೆ ಜೀವ ಬರಿಸೋದು ಕೈಯಲ್ಲಿದೆ ಬೇಟಾ. ಅದು ಬಾರದವನು ಜೀವ ಇರೋದನ್ನ ಚುಚ್ತಾನೆ" ಎಂದರು ಅಣ್ಣ.

ಅಕ್ಕಿಕಾಳಿನಂಥ ಕೆಂಪು ಮರಿಗಳು

ಮರುದಿನ ಇಬ್ಬರೂ ಕೆರೆಗೆ ಹೋದರು. ಮೀನಿನ ಗುತ್ತಿಗೆ ಹಿಡಿದವರ ಅನುಮತಿಯನ್ನು ಅಣ್ಣ ಮೊದಲೇ ಕೇಳಿಕೊಂಡಿದ್ದರು. ಕೇಳದೆ ಹಿಡಿದರೆ ಅದು ಕಳ್ಳತನವೇ. ಮನೆಯಲ್ಲಿ ನಾನು ಮೆಣಸು, ಬೆಳ್ಳುಳ್ಳಿ ಅರೆದಿಟ್ಟು ಕಾದೆ. ಮಧ್ಯಾಹ್ನ ಇಬ್ಬರೂ ಬರಿಗೈಯಲ್ಲಿ ಬಂದರು. ಹುಡುಗನ ಮುಖ ಊದಿಕೊಂಡಿತ್ತು.

"ಮಾಮು ಎಸೆಯೋಕೆ ಬಿಡಲಿಲ್ಲ ಅಮ್ಮಿ! ಕಣ್ಣೆದುರಿಗೇ ಇತ್ತು" ಎಂದು ಅಳುವಂತಾದ.

ನಡೆದದ್ದು ಇಷ್ಟು. ಜೊಂಡಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ, ಕೆಂಪನೆಯ ಮರಿಗಳು ನೂರಾರು ಸೇರಿ ಒಂದೇ ಚೆಂಡಿನಂತೆ ಮೇಲೆ ಬರುತ್ತಾ ಮುಳುಗುತ್ತಾ ಇದ್ದವು. ಅವುಗಳ ಕೆಳಗೆ ಕಪ್ಪು ನೆರಳೊಂದು ಸುತ್ತುತ್ತಿತ್ತು. ಮಳೆಗಾಲ ಕೊರವದ ಸಂತಾನಕಾಲ. ಮೊಟ್ಟೆಯೊಡೆದ ಮೇಲೂ ವಾರಗಟ್ಟಲೆ ತಂದೆತಾಯಿ ಮರಿಗಳನ್ನು ಬಿಟ್ಟು ಕದಲುವುದಿಲ್ಲ. ಆ ಮರಿಗಳ ನಡುವೆ ಏನೇ ಬಿದ್ದರೂ ಶತ್ರುವೆಂದು ನುಗ್ಗಿ ಕಚ್ಚುತ್ತವೆ. ಅದು ಹಸಿವಿನ ಕಚ್ಚಲ್ಲ, ಕಾವಲಿನ ಕಚ್ಚು. ಇದು ತಿಳಿದಿರುವ ಎಷ್ಟೋ ಮಂದಿ ಬೇಕೆಂದೇ ಮರಿಗಳ ಮೇಲೆ ಗಾಳ ಎಸೆಯುತ್ತಾರೆ. ಸುಲಭವಾಗಿ ಮೀನು ಸಿಗುತ್ತದೆ. ಕಾವಲಿಲ್ಲದ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಹುಡುಗ ಕೋಲೆತ್ತಿದಾಗ ಅಣ್ಣ ಅವನ ಕೈ ಹಿಡಿದರು.

ಒಳಕೋಣೆಯಲ್ಲಿ ಮಗುವಿಗೆ ಹಾಲೂಡುತ್ತಿದ್ದ ನನ್ನ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, "ಒಳ್ಳೇದಾಯ್ತು ಬಿಡೋ. ಆ ಮೀನು ತಂದಿದ್ರೆ ನನಗೆ ಗಂಟಲಲ್ಲಿ ಇಳೀತಿರಲಿಲ್ಲ" ಎಂದಳು. ಅವನು ಏನೂ ಹೇಳಲಿಲ್ಲ. ಮಗುವಿನ ಬೆರಳು ಹಿಡಿದು ಬಹಳ ಹೊತ್ತು ಕುಳಿತಿದ್ದ. ಆ ದಿನ ಸಾರಿಗೆ ಅಂಗಡಿಯಿಂದ ಸಾಕಿದ ಮೀನನ್ನು ತಂದೆವು.

ತಾಯಂದಿರಿಗೆ ನಾಲ್ಕು ಮಾತು

ಮಕ್ಕಳನ್ನು ಒಬ್ಬೊಬ್ಬರನ್ನೇ ಕೆರೆಗೆ ಕಳುಹಿಸಬೇಡಿ. ಹೂಳೆತ್ತಿದ ಕೆರೆಗಳಲ್ಲೂ ಕಲ್ಲುಕ್ವಾರಿ ಹೊಂಡಗಳಲ್ಲೂ ದಡದಿಂದ ಎರಡೇ ಹೆಜ್ಜೆಗೆ ಆಳವಿರುತ್ತದೆ. ಈಜು ಬಲ್ಲ ದೊಡ್ಡವರೊಬ್ಬರು ಜೊತೆಗಿರಲೇಬೇಕು.

ಅಂಗಡಿಯ ಹುಸಿಮೀನುಗಳಲ್ಲಿ ಮೂರು ಮುಳ್ಳಿನ ಗಾಳವಿರುತ್ತದೆ. ಅದನ್ನು ತೆಗೆಸಿ ಒಂಟಿ ಮುಳ್ಳು ಹಾಕಿಸಿ, ಅದರ ಕೊಕ್ಕೆಯನ್ನು ಇಕ್ಕಳದಿಂದ ಅದುಮಿಸಿ. ಮಗುವಿನ ಕೈಗೂ ಕ್ಷೇಮ, ಚಿಕ್ಕ ಮೀನನ್ನು ಗಾಯವಿಲ್ಲದೆ ಬಿಡಲೂ ಸುಲಭ. ಕೈಗೆ ಚುಚ್ಚಿಕೊಂಡರೆ ಎಳೆಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ತುಂಡಾದ ದಾರವನ್ನು ದಡದಲ್ಲಿ ಎಸೆದು ಬರಬಾರದೆಂದು ಹೇಳಿಕೊಡಿ. ಹಕ್ಕಿಗಳ ಕಾಲಿಗೆ ಅದು ಉರುಳಾಗುತ್ತದೆ.

ಯಾವ ನೀರಿನ ಮೀನೆಂದು ವಿಚಾರಿಸಿ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನಮ್ಮ ಸೀಮೆಯ ನದಿ. ಅದಕ್ಕೆ 1894ರಲ್ಲಿ ಹೆಸರಘಟ್ಟದಲ್ಲಿ ಒಡ್ಡು ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟರು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವೂ ಆಯಿತು. ಅದೇ ಜಲಾಶಯದಿಂದ ನಗರಕ್ಕೆ ನೀರು ಕೊಡುವುದನ್ನು ಮಾಲಿನ್ಯದಿಂದಾಗಿ 2012ರಲ್ಲಿ ನಿಲ್ಲಿಸಬೇಕಾಯಿತು. ನೊರೆ ಬರುವ, ಕಾರ್ಖಾನೆಯ ನೀರು ಸೇರುವ ಕೆರೆಯ ಮೀನನ್ನು ಬಾಣಂತಿಗೂ ಮಕ್ಕಳಿಗೂ ಕೊಡಬೇಡಿ.

ಡಿಸೆಂಬರ್‌ನಲ್ಲಿ ಕೆರೆಯ ನೀರು ತಿಳಿಯಾಗಿತ್ತು, ಮರಿಗಳ ಕಾಲವೂ ಮುಗಿದಿತ್ತು. ಒಂದು ಭಾನುವಾರ ಬಿಸಿಲೇರಿದ ಮೇಲೆ ಮಗ ದಡದಲ್ಲಿ ಕುಳಿತು ಹತ್ತು ನಿಮಿಷ ಬರೀ ನೋಡಿದನಂತೆ. ಆಮೇಲೆ ಪೆಟ್ಟಿಗೆಯಿಂದ ಎರಡಂಗುಲದ ಬೆಳ್ಳಿ ಮೀನನ್ನು ಆರಿಸಿಕೊಂಡನಂತೆ. ಮೂರನೆಯ ಎಸೆತಕ್ಕೆ ಮೊಳಕೈಯುದ್ದದ ಕೊರವ ಸಿಕ್ಕಿತು. ಅಷ್ಟರಲ್ಲಿ ಮಗಳು ತುಮಕೂರಿನ ಗಂಡನ ಮನೆಗೆ ಹೋಗಿಯಾಗಿತ್ತು. ಮೀನನ್ನು ಹುರಿಸಿಕೊಂಡು ಸ್ಟೀಲ್ ಡಬ್ಬಿಗೆ ತುಂಬಿಸಿ, ಆ ಸಂಜೆಯೇ ಅವನು ಮಾಮು ಜೊತೆ ತುಮಕೂರಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲವಂತೆ.

ನಮ್ಮ ಚಮಚ ಮಾತ್ರ ಇನ್ನೂ ಅಡುಗೆಮನೆಗೆ ಮರಳಿಲ್ಲ. ನಾನೂ ಕೇಳಲು ಹೋಗಿಲ್ಲ.